ರೈಟರ್ ಪದ್ಮಯ್ಯನ ಗೈರುಹಾಜರಿ

ಕೊಡಗಿನಲ್ಲಿ ಬಿಳಿಯರ ಆಡಳಿತ ಗಟ್ಟಿಯಾಗಿದ್ದ ಕಾಲ. ಮಡಿಕೇರಿಯಿಂದ ಪೂರ್ವಕ್ಕೆ ಇಳಿಯುವ ರಸ್ತೆಯ ಬದಿಯಲ್ಲಿ ಹೊನ್ನಮಲೆ ಎಂಬ ಕಾಫಿ ಎಸ್ಟೇಟಿತ್ತು. ಅಲ್ಲಿನ ಕಾಫಿ ಬಹಳ ರುಚಿಯಂತೆ. ಇದು ಲಂಡನ್ನಿನಲ್ಲಿ ಕುಡಿದವರ ಮಾತು. ಬೆಳೆದವರು ಬೆಲ್ಲದ ನೀರಿಗೆ ಕಾಫಿ ಸಿಪ್ಪೆ ಹಾಕಿ ಕುದಿಸಿ ಕುಡಿಯುತ್ತಿದ್ದುದರಿಂದ ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಆ ಎಸ್ಟೇಟಿನ ರೈಟರು ಪದ್ಮಯ್ಯ. ಸಂಪಾಜೆ ಕಡೆಯ ಗೌಡರ ಮನೆತನ, ನಲವತ್ತರ ಆಸುಪಾಸಿನ ಪ್ರಾಯ, ತೆಳ್ಳಗಿನ ಮೈ, ಬಂಗಲೆಯ ಕಡೆಗೇ ತಿರುಗಿಕೊಂಡಿರುವ ಕಿವಿ. ರೈಟರ್ ಎಂದ ಮೇಲೆ ಬರೆಯುವುದೇ ಕೆಲಸ ಎಂದು ಊರಿನ ನೆಂಟರು ತಿಳಿದಿದ್ದರು. ‘ಅವನಿಗೇನು, ನೆರಳಲ್ಲಿ ಕೂತು ಬರೆಯೋದು’ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಬರೆಯುವುದು ಅವನ ದಿನದಲ್ಲಿ ಅತ್ಯಂತ ಸುಖದ ಹೊತ್ತು ಎಂಬುದು ಆ ಪುಣ್ಯವಂತರಿಗೆ ಗೊತ್ತಿರಲಿಲ್ಲ. ಬೆಳಕು ಹರಿಯುವ ಮೊದಲು ಎದ್ದು, ಬಂಗಲೆಯ ಮುಂದೆ ಹಲಸಿನ ಮರಕ್ಕೆ ನೇತುಹಾಕಿದ ಕಬ್ಬಿಣದ ಕಂಬಿಗೆ ಸುತ್ತಿಗೆಯಿಂದ ಬಡಿಯಬೇಕು. ಅದನ್ನೇ ಎಲ್ಲರೂ ಗಂಟೆ ಎನ್ನುತ್ತಿದ್ದರು. ಲೈನು ಮನೆಗಳಿಂದ ಆಳುಗಳು ಬಂದು ನಿಂತರೆ ಹಾಜರಿ ಕೂಗಬೇಕು. ದೊರೆಯ ಬೈಗುಳವನ್ನು ಆಳುಗಳಿಗೆ ಕನ್ನಡದಲ್ಲಿ ಹೇಳಬೇಕು, ಆಳುಗಳ ಬೈಗುಳವನ್ನು ದೊರೆಗೆ ಹೇಳದೆ ನುಂಗಿಕೊಳ್ಳಬೇಕು.

ಹಾಜರಿಯ ಮಟ್ಟಿಗೆ ಮಾತ್ರ ಪದ್ಮಯ್ಯನಿಗೆ ಒಂದು ಹೆಮ್ಮೆ ಇತ್ತು. ಮಳೆಗಾಲದಲ್ಲಿ ಹಾಜರಿ ಪುಸ್ತಕ ಹೊರಗೆ ತಂದರೆ ಹಾಳೆ ಮುದ್ದೆಯಾಗುತ್ತದೆ. ಹಾಗಾಗಿ ಅವನು ಕೊಡೆ ಹಿಡಿದು ನಿಂತು ಇಡೀ ಎಸ್ಟೇಟಿನ ಹೆಸರುಗಳನ್ನು ಬಾಯಿಪಾಠವಾಗಿ ಕೂಗುತ್ತಿದ್ದ. ಮೂವರು ಮಲ್ಲಂದಿರಿದ್ದರು. ಕುಂಟ ಮಲ್ಲ, ಕೆಮ್ಮಿನ ಮಲ್ಲ, ಬರೀ ಮಲ್ಲ ಎಂದು ಬೇರೆ ಬೇರೆಯಾಗಿ ಕರೆದು, ಮೂವರೂ ‘ಬಂದೆ’ ಎಂದ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದ. ಯಾರಾದರೂ ಉತ್ತರ ಕೊಡದಿದ್ದರೆ ಎರಡನೆಯ ಸಲ ಕೂಗುತ್ತಿದ್ದ. ಆಗಲೂ ಸದ್ದಿಲ್ಲದಿದ್ದರೆ, ‘ಗೈರುಹಾಜರು’ ಎಂದು ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದ. ಹಾಗೆ ಹೇಳಿದ ಮೇಲೆ ಆ ಮನುಷ್ಯ ಓಡಿ ಬಂದು ಎದುರಿಗೆ ನಿಂತರೂ ಆ ದಿನದ ಮಟ್ಟಿಗೆ ಅವನು ಇಲ್ಲ. ಅದು ಎಸ್ಟೇಟಿನ ಕಾನೂನು.

ಹಳೆಯ ದೊರೆ ಕುಡುಕ. ಅವನ ಕಾಲದಲ್ಲಿ ಎಲ್ಲರೂ ಸುಖವಾಗಿದ್ದರು. ಹೋದ ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೊತ್ತಿಗೆ ಅವನು ಸೀಮೆಗೆ ಹೊರಟುಹೋಗಿ, ಆ ಜಾಗಕ್ಕೆ ಬೆನ್ಸನ್ ದೊರೆ ಬಂದ. ಬೆನ್ಸನ್ ಕುಡಿಯುತ್ತಿರಲಿಲ್ಲ. ಅದು ಎಲ್ಲರ ದುರದೃಷ್ಟ. ಸಂಜೆಯ ಹೊತ್ತು ಮಾಡಲು ಬೇರೇನೂ ಇಲ್ಲದೆ ಅವನು ಸುಧಾರಣೆಗಳನ್ನು ಯೋಚಿಸುತ್ತಿದ್ದ. ಮೊದಲನೆಯ ಸುಧಾರಣೆ, ಪದ್ಮಯ್ಯನ ಕೈಕೆಳಗಿದ್ದ ಗುಮಾಸ್ತನನ್ನೂ ಮೇಸ್ತ್ರಿಯನ್ನೂ ಮನೆಗೆ ಕಳಿಸಿದ್ದು. ಮೂವರ ಕೆಲಸವನ್ನು ಒಬ್ಬನೇ ಮಾಡಬಲ್ಲ ಎಂಬ ಸತ್ಯವನ್ನು ಬೆನ್ಸನ್ ಕಂಡುಹಿಡಿದಿದ್ದ. ಆ ಒಬ್ಬ ತಾನಲ್ಲ ಎಂಬುದೂ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ‘ರೈಟರ್, ನೀನು ಎಸ್ಟೇಟಿನ ಬೆನ್ನೆಲುಬು’ ಎಂದು ಪದ್ಮಯ್ಯನ ಬೆನ್ನು ತಟ್ಟಿದ. ತಟ್ಟಿದ ಕೈ ಆಮೇಲೆ ಬೆನ್ನಿನ ಮೇಲೆಯೇ ಉಳಿಯಿತು.

ಮೊದಲು ಪದ್ಮಯ್ಯನ ಹೊಟ್ಟೆ ಉರಿಯತೊಡಗಿತು. ಅಕ್ಕಿರೊಟ್ಟಿ ತಿಂದರೂ ಉರಿ, ಗಂಜಿ ಕುಡಿದರೂ ಉರಿ. ಆಮೇಲೆ ನಿದ್ದೆ ಹೋಯಿತು. ಗಂಟೆ ಹೊಡೆಯುವವನೇ ತಾನಾದರೂ, ಎಲ್ಲಿ ಗಂಟೆ ಹೊಡೆದುಬಿಟ್ಟಿತೋ ಎಂದು ಬೆಚ್ಚಿ ಏಳುತ್ತಿದ್ದ. ಹಟ್ಟಿಯಲ್ಲಿ ದನ ಅಂಬಾ ಎಂದರೆ ‘ಯಸ್ ಸಾರ್’ ಎಂದು ಎದ್ದು ನಿಲ್ಲುತ್ತಿದ್ದ. ಹೆಂಡತಿ ಯಮುನ ಮೊದಮೊದಲು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು. ಆಷಾಢ ಬರುವ ಹೊತ್ತಿಗೆ ಅವನ ಬಲಗೈ ನಡುಗತೊಡಗಿತ್ತು. ಇದು ಮಾತ್ರ ಅವನನ್ನು ನಿಜವಾಗಿ ಹೆದರಿಸಿತು. ಹೊಟ್ಟೆ ಉರಿದರೆ ಉರಿಯಲಿ, ಅದು ಅಂಗಿಯ ಒಳಗಿನ ವಿಷಯ. ಕೈ ನಡುಗುವ ರೈಟರನ್ನು ಯಾವ ದೊರೆ ಇಟ್ಟುಕೊಳ್ಳುತ್ತಾನೆ? ಒಂದು ಹದಿನೈದು ದಿನ ಊರಿಗೆ ಹೋಗಿ ಮಲಗಿದರೆ ಕೈ ಸರಿಹೋಗುತ್ತದೆ, ಹೋಗದಿದ್ದರೆ ಕೈಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ ಎಂದು ಅವನ ಮನಸ್ಸು ಹೇಳುತ್ತಿತ್ತು. ಹೇಗಾದರೂ ಮಾಡಿ ಮಲಗಬೇಕು. ಅವನಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಎಸ್ಟೇಟಿನಲ್ಲಿ ಒಂದು ಆಸ್ಪತ್ರೆ ಇತ್ತು. ಅಂದರೆ ಒಂದು ಕೋಣೆ, ಒಂದು ಬೆಂಚು, ಮೂರು ಸೀಸೆ ಮತ್ತು ಮದ್ದು ಕೊಟ್ಟು ಗಾಯ ಕಟ್ಟುವ ಡ್ರೆಸ್ಸರ್ ಉತ್ತಯ್ಯ. ಜ್ವರಕ್ಕೆ ಕ್ವಿನೈನ್, ಹೊಟ್ಟೆಗೆ ಹರಳೆಣ್ಣೆ, ಉಳಿದದ್ದಕ್ಕೆಲ್ಲ ಅಯೋಡಿನ್. ಪದ್ಮಯ್ಯ ತನ್ನ ಕಷ್ಟ ಹೇಳಿಕೊಂಡಾಗ ಉತ್ತಯ್ಯ ಮೂರೂ ಸೀಸೆಗಳನ್ನು ಒಂದೊಂದಾಗಿ ನೋಡಿದ.

“ರೈಟ್ರೆ, ನಿಮ್ಮ ಕಾಯಿಲೆ ನಂಗೆ ಅರ್ಥ ಆಗ್ತದೆ. ನಂಗೂ ಅದೇ ಇದೆ” ಎಂದ. “ಆದ್ರೆ ಇದ್ರ ಸೀಸೆ ಇಲ್ಲಿಲ್ಲ ಮಾರಾಯ್ರೆ. ದೊರೆ ಹತ್ರ ರಜ ಕೇಳಿ ನೋಡಿ.”

ಕೇಳಿದ್ದೂ ಆಯಿತು. ಬೆನ್ಸನ್ ದೊರೆ ಅಡಿಗೆಯವರಿಂದಲೂ ಕುದುರೆಯವರಿಂದಲೂ ಕನ್ನಡ ಕಲಿತಿದ್ದ. ಆದ್ದರಿಂದ ಎಲ್ಲರನ್ನೂ ಕುದುರೆಯಂತೆಯೇ ಮಾತಾಡಿಸುತ್ತಿದ್ದ.

“ನಿನಗೆ ಜ್ವರ ಇದೆಯಾ?”

“ಇಲ್ಲ ಸಾರ್.”

“ಗಾಯ ಇದೆಯಾ?”

“ಇಲ್ಲ ಸಾರ್. ಸುಸ್ತು ಸಾರ್. ನಿದ್ದೆ ಇಲ್ಲ.”

“ಸುಸ್ತು ಎಲ್ಲಿ? ತೋರಿಸು.”

ಪದ್ಮಯ್ಯ ತನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿಕೊಂಡ. ತೋರಿಸಬಹುದಾದದ್ದು ಬಲಗೈ ಒಂದೇ. ಅದನ್ನು ತೋರಿಸಿದರೆ ರಜೆಯ ಬದಲು ಮನೆಗೇ ಕಳಿಸಿಬಿಡಬಹುದು. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

“ತೋರಿಸಕ್ಕೆ ಆಗದ್ದು ಕಾಯಿಲೆ ಅಲ್ಲ” ಎಂದ ಬೆನ್ಸನ್. ಮುಂದೆ ತನಗೆ ಪ್ರಿಯವಾದ ಕಥೆಯನ್ನು ಶುರುಮಾಡಿದ. ಕೊಡಗಿಗೆ ಬರುವ ಮುಂಚೆ ಅವನು ಆಫ್ರಿಕದಲ್ಲಿದ್ದವನು. ಅಲ್ಲಿ ಮಲೇರಿಯ ಕೆಟ್ಟರೆ ಉಚ್ಚೆ ಕೆಂಪಾಗಿ ಹೋಗಿ, ಗಟ್ಟಿಮುಟ್ಟಾದ ಗಂಡಸೂ ನೋಡನೋಡುತ್ತ ಸಾಯುತ್ತಿದ್ದನಂತೆ. ಅವನ ಜೊತೆಗಾರನೊಬ್ಬ ಹಾಗೇ ಸತ್ತಿದ್ದ. “ಅದು ಕಾಯಿಲೆ! ಕಣ್ಣಿಗೆ ಕಾಣುತ್ತೆ! ಉಚ್ಚೆ ಕೆಂಪಾದರೆ ಬಾ, ರಜ ಕೊಡ್ತೇನೆ. ಈಗ ಹೋಗು.”

ದೊರೆಯ ಕಥೆಯನ್ನು ಎಸ್ಟೇಟಿನ ಎಲ್ಲರೂ ಹಲವು ಸಲ ಕೇಳಿದ್ದರು. ಪಾಪ, ಅವನ ಎದೆಯಲ್ಲಿ ನಿಜವಾದ ಭಯವಿತ್ತು. ಬೇರೆಯವರ ಭಯಕ್ಕೆ ಆ ಎದೆಯಲ್ಲಿ ಜಾಗ ಇರಲಿಲ್ಲ, ಅಷ್ಟೆ.

ಹೀಗಿರುವಾಗ ಆಟಿ ಹದಿನೆಂಟು ಬಂತು. ಕೊಡಗಿನಲ್ಲಿ ಹುಟ್ಟಿದವರಿಗೆ ಆ ದಿನದ ವಿಷಯ ಹೇಳಬೇಕಾಗಿಲ್ಲ. ಕಾಡಿನಂಚಿನಲ್ಲೂ ಬೇಲಿಯ ಬದಿಯಲ್ಲೂ ಬೆಳೆಯುವ ಮದ್ದುಸೊಪ್ಪಿಗೆ ಆಟಿ ತಿಂಗಳ ಹದಿನೆಂಟನೆಯ ದಿನ ಹದಿನೆಂಟು ಬಗೆಯ ಔಷಧಿಯ ಗುಣ ಸೇರಿಕೊಳ್ಳುತ್ತದೆಂದು ನಂಬಿಕೆ. ಸೊಪ್ಪನ್ನು ಕುದಿಸಿದರೆ ಶಾಯಿಯ ಬಣ್ಣದ ನೀರು ಬರುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡಿ, ವರ್ಷವಿಡೀ ಗಟ್ಟಿಯಾಗಿರಲೆಂದು ಮನೆಮಂದಿಯೆಲ್ಲ ತಿನ್ನುತ್ತಾರೆ. ಮರುದಿನ ಎಲ್ಲರಿಗೂ ಉಚ್ಚೆ ಕೆಂಪು. ಮದ್ದು ಮೈಗೆ ಹತ್ತಿತು ಎಂದು ಖುಷಿಪಡುತ್ತಾರೆ. ಕೊಡಗಿನಲ್ಲಿ ಹುಟ್ಟದೆ ಇದ್ದವರಿಗೆ ಇದನ್ನು ಮುಂಚಿತವಾಗಿ ಹೇಳಬೇಕು. ಬೆನ್ಸನ್ ದೊರೆಗೆ ಯಾರೂ ಹೇಳಿರಲಿಲ್ಲ.

ಆ ದಿನ ಲೈನಿನ ಮನೆಮನೆಯಲ್ಲೂ ಪಾಯಸ. ಬಂಗಲೆಯ ಬಟ್ಲರ್ ಬೊಳ್ಳಪ್ಪನಿಗೆ ಒಂದು ಯೋಚನೆ ಬಂತು. ಮಳೆಗೆ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿ, ದೊರೆಗೆ ಊಟದ ಮೇಲಿನ ಸಿಹಿಗೆ ಏನು ಮಾಡುವುದೆಂದು ಅವನಿಗೆ ತಲೆನೋವಾಗಿತ್ತು. ತನ್ನ ಮನೆಯ ಪಾಯಸವನ್ನೇ ಗಟ್ಟಿಯಾಗಿ ಕಾಯಿಸಿ, ಗಾಜಿನ ಬಟ್ಟಲಿಗೆ ಹಾಕಿ, ‘ಮಾನ್ಸೂನ್ ಪುಡ್ಡಿಂಗ್ ಸಾರ್’ ಎಂದು ಮುಂದಿಟ್ಟ. ದೊರೆ ಇನ್ನೊಂದು ಬಟ್ಟಲು ಕೇಳಿ ತಿಂದ.

ಎಸ್ಟೇಟಿನಲ್ಲಿ ಮದ್ದು ಪಾಯಸ ತಿನ್ನದೆ ಉಳಿದವನು ಪದ್ಮಯ್ಯ ಒಬ್ಬನೇ. ಆ ದಿನ ದೊರೆ ಅವನಿಗೊಂದು ಸುಧಾರಣೆ ಹಚ್ಚಿದ್ದ. ಉಗ್ರಾಣದ ಗುದ್ದಲಿ, ಕತ್ತಿ, ಹಾರೆಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಬೇಕು. ಬೆಳಿಗ್ಗೆ ಹೊರಡುವಾಗಲೇ ಯಮುನ ಬಾಗಿಲಿಗೆ ಅಡ್ಡ ನಿಂತು ಮನೆಮಾತಾದ ಅರೆಭಾಷೆಯಲ್ಲಿ ಗದರಿದ್ದಳು.

“ಒಂದ್ ತುತ್ತು ತಿಂಬಕೆ ಪುರುಸೊತ್ತು ಇಲ್ಲೆನಾ? ಆಟಿ ಮದ್ದು, ಬಿಡಿಕೆ ಆಗ.”

“ಹೊಟ್ಟೆ ಉರಿತುಟ್ಟು. ಮತ್ತೆ ತಿಂತೆ.”

ಅವಳು ಬಿಡದೆ ಮಧ್ಯಾಹ್ನ ಒಂದು ಲೋಟ ಪಾಯಸವನ್ನು ಉಗ್ರಾಣಕ್ಕೇ ತಂದು ಕಿಟಕಿಯಲ್ಲಿಟ್ಟು ಹೋದಳು. ಈ ಸಾಲು ಮುಗಿಯಲಿ, ಈ ಮೂಲೆ ಮುಗಿಯಲಿ ಎಂದು ಪದ್ಮಯ್ಯ ಗುದ್ದಲಿಗಳ ಉದ್ದ ನೋಡುತ್ತಲೇ ಇದ್ದ. ಸಂಜೆಗೆ ಕತ್ತಿ ಒಪ್ಪಿಸಲು ಕಳೆ ಕೀಳುವ ಚೋಮಿ ಬಂದಳು. ಮುದುಕಿ, ಕಾಲೆರಡೂ ಊದಿಕೊಂಡಿದ್ದವು. ಕಿಟಕಿಯ ಕಡೆ ನೋಡಿ ನೋಡದವಳಂತೆ ನಿಂತಳು. ಒಂಟಿ ಜೀವ, ಅವಳಿಗೆ ಪಾಯಸ ಮಾಡಿ ಕೊಡುವವರು ಯಾರಿದ್ದರು?

“ನೀನೇ ಕುಡಿ ಚೋಮಿ. ನನಗೆ ಸೇರುವುದಿಲ್ಲ” ಎಂದ ಪದ್ಮಯ್ಯ. ಅವಳು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಮಳೆನೀರಿನಲ್ಲಿ ತೊಳೆದು ಇಟ್ಟುಹೋದಳು.

ಮರುದಿನ ಬೆಳಿಗ್ಗೆ ಬಂಗಲೆಯಿಂದ ಒಂದು ಕೂಗು ಕೇಳಿತು. ಹುಲಿ ಬಂತೆಂದು ಆಳುಗಳು ಓಡಿಬಂದರು. ಬೆನ್ಸನ್ ದೊರೆ ಪಿಂಗಾಣಿಯ ಪಾತ್ರೆಯೊಂದನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಿಂತಿದ್ದ. ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು. ಪಾತ್ರೆಯೊಳಗೆ ಏನಿತ್ತು, ಯಾವ ಬಣ್ಣದ್ದಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೆದರಿದ್ದರೂ ಅವನು ಸುಧಾರಣೆಯ ಮನುಷ್ಯ. ರೋಗ ಎಲ್ಲಿಯವರೆಗೆ ಹರಡಿದೆ ಎಂದು ಆಗಲೇ ತಿಳಿಯಬೇಕೆಂದು ಅಪ್ಪಣೆ ಮಾಡಿದ. ಎಲ್ಲರೂ ಒಂದೊಂದು ತೆಂಗಿನ ಕರಟ ತರಬೇಕು. ಗಂಡಸರು ಉಗ್ರಾಣದ ಹಿಂದೆ, ಹೆಂಗಸರು ತಡಿಕೆಯ ಮರೆಯಲ್ಲಿ. ಸೂರ್ಯ ಮುಳುಗದ ಸಾಮ್ರಾಜ್ಯದಲ್ಲಿ ಅಷ್ಟು ಕರಟಗಳು ಅಷ್ಟು ಶಿಸ್ತಿನಿಂದ ಸಾಲಾಗಿ ನಿಂತದ್ದು ಅದೇ ಮೊದಲಿರಬೇಕು. ಡ್ರೆಸ್ಸರ್ ಉತ್ತಯ್ಯ ಮುಂದೆ, ಮೂಗಿಗೆ ಕರವಸ್ತ್ರ ಹಿಡಿದ ದೊರೆ ಹಿಂದೆ. ಮೊದಲ ಕರಟ ಕೆಂಪು. ಎರಡನೆಯದೂ ಕೆಂಪು. ಕುಂಟ ಮಲ್ಲನದು ಕೆಂಪು, ಕೆಮ್ಮಿನ ಮಲ್ಲನದು ಕೆಂಪು. ಚೋಮಿಯದು ಎಲ್ಲರಿಗಿಂತ ಕೆಂಪು. ಉತ್ತಯ್ಯನದೇ ಕೆಂಪು. ಪ್ರತಿ ಕರಟಕ್ಕೂ ದೊರೆ ‘ಮೈ ಗಾಡ್’ ಎಂದು ನರಳುತ್ತಿದ್ದ. ಸಾಲಿನ ಕೊನೆಯಲ್ಲಿ ಪದ್ಮಯ್ಯನ ಕರಟವಿತ್ತು. ಅದು ಹೊಳೆಯ ನೀರಿನಷ್ಟು ತಿಳಿ.

ಬೆನ್ಸನ್ ಅವನ ಎರಡೂ ಭುಜ ಹಿಡಿದುಕೊಂಡ.

“ರೈಟರ್! ಈ ಎಸ್ಟೇಟಿನಲ್ಲಿ ಆರೋಗ್ಯವಾಗಿರುವ ಮನುಷ್ಯ ನೀನೊಬ್ಬನೇ!”

ಪದ್ಮಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಕಣ್ಣು ಎಳೆಯುತ್ತಿತ್ತು, ಬೆನ್ನ ಹಿಂದೆ ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು. ರಜೆ ಪಾಯಸದ ವೇಷ ಹಾಕಿಕೊಂಡು ಉಗ್ರಾಣದ ಕಿಟಕಿಯವರೆಗೂ ನಡೆದು ಬಂದಿತ್ತು. ಅದನ್ನು ಕುಡಿಯಲು ಅವನಿಗೆ ಪುರುಸೊತ್ತು ಇರಲಿಲ್ಲ.

“ಸಾರ್, ಇದು ಕಾಯಿಲೆ ಅಲ್ಲ. ಇದು—” ಎಂದು ಬಾಯಿ ತೆರೆದ.

ತೆರೆದವನು ಆಳುಗಳ ಕಡೆ ನೋಡಿದ. ಎಲ್ಲರ ಕಣ್ಣೂ ಅವನ ಮೇಲೆ. ದೊರೆ ಆಗಲೇ ಹೇಳಿಯಾಗಿತ್ತು, ರೋಗಿಗಳು ಯಾರೂ ಕೆಲಸಕ್ಕೆ ಇಳಿಯಕೂಡದು, ಲೈನಿನಲ್ಲೇ ಮಲಗಿರಬೇಕು ಎಂದು. ಆ ಮಾತು ಕೇಳಿದ್ದೇ ಚೋಮಿ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದಳು. ದೊರೆಯ ಎದುರಿಗೆ ಅವಳು ಕುಳಿತದ್ದನ್ನು ಪದ್ಮಯ್ಯ ನೋಡಿದ್ದು ಅದೇ ಮೊದಲು. ಊದಿದ ಕಾಲುಗಳನ್ನು ಮುಂದಕ್ಕೆ ಚಾಚಿ, ಅವು ತನ್ನವೇ ಹೌದೋ ಅಲ್ಲವೋ ಎಂಬಂತೆ ನೋಡುತ್ತಿದ್ದಳು.

“ಇದು ಏನು, ರೈಟರ್?”

“ಇದು... ಬಹಳ ಕೆಟ್ಟ ಕಾಯಿಲೆ ಸಾರ್” ಎಂದ.

ಉತ್ತಯ್ಯ ಕೆಮ್ಮಿದ. ಬಟ್ಲರ್ ಬೊಳ್ಳಪ್ಪ ಆಕಾಶ ನೋಡಿದ. ಪುಡ್ಡಿಂಗಿನ ಗುಟ್ಟು ಹೊರಬಿದ್ದರೆ ತನ್ನ ಗತಿ ಏನೆಂದು ಅವನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ದೊರೆ ಉಯಿಲು ಬರೆದಿಟ್ಟು, ಕಂಬಳಿ ಹೊದ್ದು ಮೋಟಾರಿನಲ್ಲಿ ಕೂತು ಮೈಸೂರಿನ ಆಸ್ಪತ್ರೆಗೆ ಹೊರಟ. ಬೊಳ್ಳಪ್ಪ ಪಿಂಗಾಣಿ ಪಾತ್ರೆ ಹಿಡಿದುಕೊಂಡು ಪಕ್ಕದಲ್ಲಿ ಕೂತ. ಅವನು ಮೈಸೂರು ನೋಡಿರಲಿಲ್ಲ. ಗಾಡಿ ತಿರುಗುವ ಮೊದಲು ದೊರೆ ತಲೆ ಹೊರಹಾಕಿ, “ರೈಟರ್, ಎಲ್ಲ ನಿನ್ನ ಮೇಲಿದೆ” ಎಂದ. ಎಲ್ಲ ಅವನ ಮೇಲೆಯೇ ಇತ್ತು. ಅದನ್ನು ಮೋಟಾರಿನಿಂದ ತಲೆ ಹೊರಹಾಕಿ ಹೇಳಬೇಕಾಗಿರಲಿಲ್ಲ.

ಹೊನ್ನಮಲೆ ಎಸ್ಟೇಟು ಅಂಥ ದಿನಗಳನ್ನು ಹಿಂದೆ ಕಂಡಿರಲಿಲ್ಲ. ಲೈನಿನಲ್ಲಿ ಒಲೆಯ ಸುತ್ತ ಕೂತು ಜನ ಹಲಸಿನ ಬೀಜ ಸುಟ್ಟು ತಿಂದರು. ಕೆಮ್ಮಿನ ಮಲ್ಲನ ಕೆಮ್ಮು ಇಳಿಯಿತು. ಗಂಡಹೆಂಡಿರು ಹಗಲು ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಆಶ್ಚರ್ಯಪಟ್ಟರು. ಮಾರಕ ರೋಗ ಇಷ್ಟು ಜನರ ಆರೋಗ್ಯ ಸುಧಾರಿಸಿದ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಇರಲಾರದು. ಚೋಮಿಯ ಕಾಲಿನ ಊತ ತಗ್ಗಿ ಹರಡಿನ ಮೂಳೆಗಳು ಕಾಣತೊಡಗಿದವು.

ಆರೋಗ್ಯವಂತ ಪದ್ಮಯ್ಯನಿಗೆ ಮಾತ್ರ ಕೂರಲು ಪುರುಸೊತ್ತಿಲ್ಲ. ದೊರೆಯ ಅಪ್ಪಣೆಯಂತೆ ಮನೆಮನೆಗೆ ಕ್ವಿನೈನ್ ಹಂಚಬೇಕು, ಅಕ್ಕಿ ಅಳೆದು ಕೊಡಬೇಕು, ಹೊಸ ಸಸಿಗಳಿಗೆ ದನ ಬಾಯಿ ಹಾಕದಂತೆ ಕಾಯಬೇಕು, ಚರಂಡಿ ಕಟ್ಟಿದರೆ ಬಿಡಿಸಬೇಕು, ದೊರೆಯ ನಾಯಿಗೆ ಮಾಂಸ ಬೇಯಿಸಿ ಹಾಕಬೇಕು. ಕೆಲಸಕ್ಕೆ ಬರುವವರು ಒಬ್ಬರೂ ಇಲ್ಲದಿದ್ದರೂ ಅವನು ದಿನಾ ಬೆಳಿಗ್ಗೆ ಗಂಟೆ ಹೊಡೆದ. ಖಾಲಿ ಅಂಗಳದ ಎದುರು ನಿಂತು ಹೆಸರುಗಳನ್ನೂ ಕೂಗಿದ. ಯಾಕೆ ಎಂದು ಉತ್ತಯ್ಯ ಕೇಳಿದ್ದಕ್ಕೆ, “ನಿಲ್ಲಿಸಲಿಕ್ಕೆ ಗೊತ್ತಾಗುವುದಿಲ್ಲ ಮಾರಾಯ್ರೆ” ಎಂದ. ಹಾಗೆ ಕೂಗುವಾಗ ಒಂದು ದಿನ ಬರೀ ಮಲ್ಲನ ಹೆಸರು ತಟ್ಟನೆ ಬಾಯಿಗೆ ಬರಲಿಲ್ಲ. ಇನ್ನೊಂದು ದಿನ ನಡುವೆ ನಾಲ್ಕಾರು ಹೆಸರು ಹಾರಿಹೋದವು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಹೇಳದಿದ್ದರೂ ಯಮುನಳಿಗೆ ಗೊತ್ತಾಗುತ್ತಿತ್ತು. ಅನ್ನದ ತುತ್ತು ಬಾಯಿ ತಲುಪುವಷ್ಟರಲ್ಲಿ ಅರ್ಧ ಎಲೆಗೇ ಬೀಳುವುದನ್ನು ನೋಡಿ ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

“ಊರಿಗೆಲ್ಲ ರಜ ಕೊಟ್ಟಿರಿ. ನಿಮ್ಗೆ ಎಂತ ಉಟ್ಟು?” ಎಂದು ಕಣ್ಣೀರು ಹಾಕಿದಳು. ಆಮೇಲೆ ಕಣ್ಣೊರೆಸಿಕೊಂಡು ಬೇಲಿಗೆ ಹೋಗಿ ಮದ್ದುಸೊಪ್ಪು ಕೊಯ್ದು ತಂದಳು. ಆಟಿ ಹದಿನೆಂಟು ಕಳೆದರೂ ಸೊಪ್ಪಿನ ಬಣ್ಣ ಒಂದಷ್ಟು ದಿನ ಉಳಿಯುತ್ತದೆ. ಅವಳ ಲೆಕ್ಕ ಸರಳವಾಗಿತ್ತು. ದೊರೆ ಹಿಂದಿರುಗಿ ಬರುವಾಗ ಗಂಡನದೂ ಕೆಂಪಾಗಿರಲಿ. ಅವನಿಗೂ ಮಲಗು ಎಂದು ಹೇಳಲಿ.

ಪದ್ಮಯ್ಯ ಜೀವಮಾನದಲ್ಲಿ ಕಳ್ಳಾಟ ಆಡಿದವನಲ್ಲ. ಪಾಯಸದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತ. ಆಮೇಲೆ ಕುಡಿದ. ರುಚಿಯಾಗಿತ್ತು.

ಅಂದೇ ಸಂಜೆ ದೊರೆಯ ಮೋಟಾರು ಬಂತು. ಹೋಗುವಾಗ ಕಂಬಳಿ ಹೊದ್ದು ಹೋದವನು ಬರುವಾಗ ಕೆಂಡವಾಗಿದ್ದ. ಮೈಸೂರು ಮುಟ್ಟುವ ಹೊತ್ತಿಗೇ ಅವನ ಉಚ್ಚೆ ತಿಳಿಯಾಗಿತ್ತಂತೆ. ಆದರೂ ಅವನು ಸಾಯಲು ತಯಾರಾಗಿ ಅಷ್ಟೂ ದಿನ ಹಾಸಿಗೆ ಹಿಡಿದೇ ಇದ್ದ. ಕೊನೆಗೆ, ಮಡಿಕೇರಿಯಲ್ಲಿ ಹಲವು ವರ್ಷ ಇದ್ದು ಬಂದ ಒಬ್ಬ ಮುದಿ ಡಾಕ್ಟರು ಅವನ ಕಥೆ ಕೇಳಿ, ತಿಂಗಳು ಯಾವುದು, ಏನು ತಿಂದೆ ಎಂದು ವಿಚಾರಿಸಿ, ಕುರ್ಚಿಯಿಂದ ಬೀಳುವಷ್ಟು ನಕ್ಕನಂತೆ. ಇದನ್ನೆಲ್ಲ ಬೊಳ್ಳಪ್ಪ ಆಮೇಲೆ ಲೈನಿನಲ್ಲಿ ಹೇಳಿದ್ದು. ಬಟ್ಲರ್ ಕೆಲಸ ಹೋಗಿ ಅವನಿಗೂ ಆಗ ಬೇಕಾದಷ್ಟು ಪುರುಸೊತ್ತಿತ್ತು.

ಮರುದಿನ ಬೆಳಿಗ್ಗೆ ಮತ್ತೆ ಕರಟಗಳ ಸಾಲು. ಯಾರು ಇನ್ನೂ ಸೊಪ್ಪು ತಿಂದು ಮೋಸ ಮಾಡುತ್ತಿದ್ದಾರೆ ಎಂದು ಕಂಡುಹಿಡಿಯಲು. ಕುಂಟ ಮಲ್ಲನದು ತಿಳಿ, ಕೆಮ್ಮಿನ ಮಲ್ಲನದು ತಿಳಿ, ಉತ್ತಯ್ಯನದು ತಿಳಿ, ಚೋಮಿಯದು ತಿಳಿ. ಸಾಲಿನ ಕೊನೆಯಲ್ಲಿ ಪದ್ಮಯ್ಯನದು ಕೆಂಪು.

ಬೆನ್ಸನ್ ದೊರೆ ಕರಟವನ್ನು ನೋಡಿದ, ಪದ್ಮಯ್ಯನನ್ನು ನೋಡಿದ.

“ಓಹೋ! ಎಲ್ಲದರ ಹಿಂದೆ ಇದ್ದವನು ನೀನು!”

“ಸಾರ್, ನನಗೆ ನಿಜವಾಗಿಯೂ ಹುಷಾರಿಲ್ಲ” ಎಂದ ಪದ್ಮಯ್ಯ. ಇಷ್ಟು ದಿನ ಬೆನ್ನ ಹಿಂದೆ ಅಡಗಿಸಿಟ್ಟಿದ್ದ ಬಲಗೈಯನ್ನು ಮುಂದಕ್ಕೆ ಚಾಚಿದ. ಎಲೆ ಅಲುಗಿದ ಹಾಗೆ ಅದು ಅಲುಗುತ್ತಿತ್ತು. “ನೋಡಿ ಸಾರ್.”

“ಬಹಳ ಚೆನ್ನಾಗಿ ನಟನೆ ಮಾಡ್ತೀಯ” ಎಂದ ಬೆನ್ಸನ್. ಮುಂದಿನ ಆಟಿಯವರೆಗೆ ನಿನಗೆ ರಜೆ ಇಲ್ಲ, ಭಾನುವಾರವೂ ಇಲ್ಲ ಎಂದು ತೀರ್ಪು ಕೊಟ್ಟ. ಕೆಲಸದಿಂದ ತೆಗೆಯುವ ಮಾತು ಮಾತ್ರ ಎತ್ತಲಿಲ್ಲ. ಮೂರು ಜನರ ಕೆಲಸ ಮಾಡುವ ಕಳ್ಳನನ್ನು ಯಾರು ಬಿಡುತ್ತಾರೆ? “ಹಾಜರಿ ಕೂಗು!” ಎಂದು ಹೇಳಿ ಜಗಲಿ ಹತ್ತಿ ಕುರ್ಚಿಯಲ್ಲಿ ಕೂತ.

ಮಳೆ ಸುರಿಯುತ್ತಿತ್ತು. ಆಳುಗಳು ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ನಿಂತರು. ಪದ್ಮಯ್ಯ ಕೊಡೆ ಹಿಡಿದು ಎದುರಿಗೆ ನಿಂತ. ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ.

ಎದುರಿಗಿದ್ದ ಮುಖಗಳೆಲ್ಲ ಗುರುತಿನವೇ. ಇವನ ಮದುವೆಗೆ ಹೋಗಿದ್ದೆ, ಇವಳ ಮಗುವಿಗೆ ಜ್ವರ ಬಂದಾಗ ಕ್ವಿನೈನ್ ಕೊಟ್ಟಿದ್ದೆ, ಇದೆಲ್ಲ ಗೊತ್ತು. ಹೆಸರುಗಳು ಮಾತ್ರ ಎಲ್ಲೋ ಇಳಿದುಹೋಗಿದ್ದವು. ಅವನಿಗೆ ಇನ್ನಿಲ್ಲದ ಭಯವಾಯಿತು. ಕೈ ಹೋದರೆ ಹೋಗಲಿ, ಇದೊಂದು ತನ್ನ ಪಾಲಿಗೆ ಉಳಿದಿತ್ತಲ್ಲ ಎಂದುಕೊಂಡ. ಕೊಡೆ ನಡುಗಿ ಮಳೆ ಮುಖಕ್ಕೆ ಬಿತ್ತು. ಜಗಲಿಯಿಂದ ದೊರೆ, “ಕೂಗು! ಕೂಗು!” ಎನ್ನುತ್ತಿದ್ದ.

ಮುಂದಿನ ಸಾಲಿನಿಂದ ಚೋಮಿ ಒಂದು ಹೆಜ್ಜೆ ಮುಂದೆ ಬಂದಳು.

“ಕಳೆ ಚೋಮಿ” ಎಂದು ಪದ್ಮಯ್ಯ ಕೂಗುವ ರಾಗದಲ್ಲೇ ಕೂಗಿ, “ಬಂದೆ” ಎಂದು ತಾನೇ ಉತ್ತರ ಕೊಟ್ಟಳು.

ಆಮೇಲೆ ಪಕ್ಕದವನು, “ಕುಂಟ ಮಲ್ಲ, ಬಂದೆ” ಎಂದ. “ಕೆಮ್ಮಿನ ಮಲ್ಲ, ಬಂದೆ.” “ಬರೀ ಮಲ್ಲ, ಬಂದೆ.” “ಕೆಂಚಿ, ಬಂದೆ.” “ಸುಬ್ಬಿ, ಬಂದೆ.” ಅವನು ದಿನಾ ಕೂಗುತ್ತಿದ್ದ ಕ್ರಮದಲ್ಲೇ, ಒಂದು ಹೆಸರೂ ಬಿಡದೆ, ಸಾಲಿನ ಆ ತುದಿಯವರೆಗೂ ಹೋಯಿತು. ಪದ್ಮಯ್ಯನ ಕಣ್ಣು ತುಂಬಿ ಹರಿಯಿತು. ಮಳೆ ಇದ್ದುದರಿಂದ ಯಾರಿಗೂ ಕಾಣಲಿಲ್ಲ.

ಹಾಜರಿ ಮುಗಿಯಿತೆಂದು ದೊರೆ ಎದ್ದು ನಿಂತ. ಚೋಮಿ ಮುಗಿಸಿರಲಿಲ್ಲ.

“ರೈಟರ್ ಪದ್ಮಯ್ಯಾ!” ಎಂದು ಕೂಗಿದಳು.

ಪದ್ಮಯ್ಯ ಅವಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನ ತಲೆಯ ಮೇಲಿಂದ ದೂರಕ್ಕೆ, ಬರಬೇಕಾದವರು ದಾರಿಯಲ್ಲಿ ಬರುತ್ತಿದ್ದಾರೋ ಎಂಬಂತೆ ನೋಡುತ್ತಿದ್ದಳು.

“ರೈಟರ್ ಪದ್ಮಯ್ಯಾ!” ಎಂದು ಎರಡನೆಯ ಸಲ ಕೂಗಿ, ಕಾಯಬೇಕಾದಷ್ಟು ಕಾದಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ಗೈರುಹಾಜರು” ಎಂದಳು. ಮತ್ತೆ ದನಿ ತಗ್ಗಿಸಿ, “ಹೋಗಿ ಅಯ್ಯಾ. ಅವತ್ತು ನಿಮ್ಮ ಪಾಲಿಂದು ನಾ ಕುಡ್ದೆ” ಎಂದಳು.

“ರೈಟರ್!” ಎಂದು ಜಗಲಿಯಿಂದ ದೊರೆ ಅರಚಿದ. “ಏನು ಇದು? ರೈಟರ್!”

ಆ ಕೂಗಿಗೆ ಪದ್ಮಯ್ಯನ ನಾಲಿಗೆಯ ತುದಿಗೆ ‘ಯಸ್ ಸಾರ್’ ಬಂತು, ಅಲ್ಲೇ ನಿಂತಿತು. ಗೈರುಹಾಜರಾದ ಮನುಷ್ಯ ಎದುರಿಗೇ ನಿಂತಿದ್ದರೂ ಆ ದಿನದ ಮಟ್ಟಿಗೆ ಇಲ್ಲ. ಇಷ್ಟು ವರ್ಷ ಆ ಕಾನೂನನ್ನು ನಡೆಸಿದವನು ಅವನೇ. ಇಲ್ಲದವನು ಉತ್ತರ ಕೊಡುವುದು ಹೇಗೆ? ಅವನು ಕೊಡೆಯನ್ನು ಚೋಮಿಯ ಕೈಗೆ ಕೊಟ್ಟು, ಆಳುಗಳ ಸಾಲಿನ ನಡುವೆ ಹಾದು ಮನೆಯ ಕಡೆ ನಡೆದ. ಸಾಲು ದಾರಿ ಬಿಟ್ಟು ಮತ್ತೆ ಕೂಡಿಕೊಂಡಿತು.

ಬಾಗಿಲಲ್ಲಿ ನೆನೆದು ತೊಪ್ಪೆಯಾಗಿ ನಿಂತ ಗಂಡನನ್ನು ಕಂಡು ಯಮುನ ಗಾಬರಿಯಾದಳು.

“ಎಂತ ಆತ್?”

“ನಾನು ಇಂದ್ ಬಾತ್ಲೆ, ಗೈರುಹಾಜರು” ಎಂದ ಪದ್ಮಯ್ಯ.

ಅವಳು ತಲೆ ಒರೆಸಿ, ಒಣಗಿದ ಪಂಚೆ ಕೊಟ್ಟು, ಒಲೆಯ ಪಕ್ಕದಲ್ಲಿ ಚಾಪೆ ಹಾಸಿದಳು. ನಾಳೆ ಕೆಲಸ ಇರುತ್ತದೋ, ಊರಿಗೆ ಗಂಟು ಕಟ್ಟಬೇಕೋ ಎಂಬ ಯೋಚನೆ ಅವಳ ತಲೆಗೆ ಬಂತು. ಪದ್ಮಯ್ಯನ ತಲೆಗೆ ಬರುವ ಮೊದಲೇ ಅವನ ಕಣ್ಣು ಮುಚ್ಚಿತ್ತು. ಚಾಪೆಯ ಮೇಲೆ ಬಿದ್ದಿದ್ದ ಬಲಗೈ ಒಂದೆರಡು ಸಲ ಅಲುಗಿ ಸುಮ್ಮನಾಯಿತು.

ಮಧ್ಯಾಹ್ನದ ಊಟದ ಗಂಟೆ ಹೊಡೆಯಲು ಪದ್ಮಯ್ಯನ ಬದಲು ಯಾರೂ ಮುಂದೆ ಬರಲಿಲ್ಲ. ಕಾದು ಕಾದು ಕೊನೆಗೆ ಬೆನ್ಸನ್ ದೊರೆಯೇ ಮಳೆಗೆ ಇಳಿದು, ಹಲಸಿನ ಮರದಡಿ ನಿಂತು ಕಂಬಿಗೆ ಬಡಿದ. ರೈಟರ್ ಬರಲಿ ಎಂದು ಇನ್ನೂ ಜೋರಾಗಿ, ಬಹಳ ಹೊತ್ತು ಬಡಿದ. ಪದ್ಮಯ್ಯನಿಗೆ ಕೇಳಿಸಲಿಲ್ಲ.